ಎಂಜಲಿನ ತೂಕ

ಖಾಬೂರು ಆ ವರ್ಷ ಹೆಸರಿಗಷ್ಟೇ ಹೊಳೆ.
ಅದರ ಉಸುಕಿನ ಮೇಲೆಯೇ ಜೀಪು ಓಡಿಸಿಕೊಂಡು ಬಂದ
ಮುಹನ್ನದ್, ಕೃಷಿ ಕೇಂದ್ರದವನು,
ಎರಡು ಮೂಟೆ ಹೊಟ್ಟು ಇಳಿಸಿದ.
ಒಂದು ನಮ್ಮದೇ ಕರಿ ಜವೆಯದು.
ಇನ್ನೊಂದು ಅವನ ಹೊಸ ತಳಿಯದು: ಬಿಳಿ, ಬಿಗಿ,
ಗಾಳಿಗೆ ಬಗ್ಗದ ದಂಟು.
"ತೆನೆ ನೋಡಿ ತಾಯಿ, ಒಂದಕ್ಕೆ ಒಂದೂವರೆ" ಅಂದ.

ಅಜ್ಜಿ ಫಿದ್ದಾ ತೆನೆ ನೋಡಲಿಲ್ಲ.
ದಂಟೊಂದನ್ನು ಎಳೆದು ಬೆರಳಿಗೆ ಸುತ್ತಿದಳು;
ಲಟಕ್ಕನೆ ಮುರಿಯಿತು.
"ನನ್ನನ್ನೇನು ಕೇಳುತ್ತೀ,
ತಿನ್ನುವವಳನ್ನು ಕೇಳು."

ತಿನ್ನುವವಳು ಶಗ್ರಾ.
ಕೆಂಪು ಮೋರೆ, ಹರಿದ ಕಿವಿ,
ಒಂದು ಕಾಲಕ್ಕೆ ಹಿಟ್ಟು ನಾದುವ ಹರಿವಾಣದಷ್ಟಿದ್ದ ಬಾಲ
ಈಗ ಜೋತ ಖಾಲಿ ಚೀಲ.
ಅವಳ ಹಿಂದೆ ಇನ್ನೂ ಹನ್ನೊಂದು ಕುರಿ,
ಅವಳು ಮೂಸದ್ದನ್ನು ಮೂಸದ ಜಾತಿ.

ನಾನು ಆರನೆಯ ತರಗತಿಯವರೆಗೆ ಓದಿದ್ದೆ;
ಹಾಗಾಗಿ ತಕ್ಕಡಿ ನನ್ನ ಕೈಗೆ ಬಂತು.
ಬೆಳಿಗ್ಗೆ ಹಾಕಿದ್ದೆಷ್ಟು, ಸಂಜೆ ಉಳಿದದ್ದೆಷ್ಟು.
ಅವನ ದಪ್ಪ ಪುಸ್ತಕದಲ್ಲಿ ಕಾಳಿಗೊಂದು ಮನೆ ಇತ್ತು,
ಎತ್ತರಕ್ಕೆ, ತುಕ್ಕುರೋಗಕ್ಕೆ, ತೆನೆ ಒಡೆದ ತಾರೀಖಿಗೆ.
ಎಂಜಲಿಗೆ ಮನೆ ಇರಲಿಲ್ಲ.
ಹಾಳೆಯ ಅಂಚಿನಲ್ಲಿ ಗೆರೆ ಎಳೆದು
ನಾನೇ ಒಂದು ಕಟ್ಟಿದೆ.

ಕರಿ ಹೊಟ್ಟಿನ ಗೋದಲಿ ಸಂಜೆಗೆ ನೆಕ್ಕಿದಂತೆ ಸ್ವಚ್ಛ.
ಬಿಳಿಯದರಲ್ಲಿ ಶಗ್ರಾ
ಮಸೂರದಲ್ಲಿ ಕಲ್ಲು ಆರಿಸುವ ಹಾಗೆ
ಮೂಗಿನಿಂದ ಎಲೆ ಇತ್ತ, ಕಡ್ಡಿ ಅತ್ತ.
ಎರಡು ಕಿಲೋ ಹಾಕಿದರೆ ಒಂದು ಕಿಲೋ ನೂರು ಗ್ರಾಂ ಕಡ್ಡಿ
ಹಾಗೇ ಬಿದ್ದಿರುತ್ತಿತ್ತು.
ಮುಹನ್ನದ್ ಕಾಕಂಬಿ ಚಿಮುಕಿಸಿದ.
ಕಾಕಂಬಿ ನೆಕ್ಕಿ ಕಡ್ಡಿ ಬಿಟ್ಟಳು.
ಯೂರಿಯಾ ನೀರು ಹೊಡೆದು, ಪ್ಲಾಸ್ಟಿಕ್ ಹೊದಿಸಿ,
ಇಪ್ಪತ್ತೊಂದು ದಿನ ಬಾಣಂತಿಯ ಹಾಗೆ ಬೆಚ್ಚಗಿಟ್ಟ.
ತೆರೆದ ದಿನ ಘಾಟಿಗೆ ಊರೇ ಅತ್ತಿತು,
ಸಾವಿನ ಮನೆಯೇನೋ ಎಂದು
ಪಕ್ಕದ ಗುಡಾರದವರೂ ಬಂದರು.
ಗಾಳಿಗೆ ಹರಡಿ ಒಂದು ಹಗಲು ಬಿಟ್ಟಾದ ಮೇಲೆ
ಏಳುನೂರಕ್ಕೆ ಇಳಿಯಿತು ಎಂಜಲು.
ಅವನು ನಕ್ಕ. ಅಜ್ಜಿ ನಗಲಿಲ್ಲ.
"ಆ ಪ್ಲಾಸ್ಟಿಕ್ಕಿಗೆ ದುಡ್ಡು ಯಾರಪ್ಪನದು?"

ರಾತ್ರಿ ಚಹಾ ಸುರಿಯುತ್ತ ಹೇಳಿದಳು:
"ಮಗಾ, ಐದು ವರ್ಷಕ್ಕೆ ಎರಡು ಸಲ
ಇಲ್ಲಿ ಕಾಳೇ ಕಟ್ಟುವುದಿಲ್ಲ.
ಮೊಣಕಾಲೆತ್ತರದ ಪೈರಿಗೆ ಕುರಿ ಬಿಟ್ಟು
ಮೇಯಿಸಿಬಿಡುತ್ತೇವೆ.
ಆ ವರ್ಷ ನಿನ್ನ ಒಂದೂವರೆ
ಯಾವುದರ ಒಂದೂವರೆ?"

ಅವನು ಮಾತಾಡಲಿಲ್ಲ.
ಕಂದೀಲಿನ ಬುಡದಲ್ಲಿ ಬಿದ್ದಿದ್ದ
ಶಗ್ರಾಳ ಎಂಜಲಿನಿಂದ ಕಡ್ಡಿಯೊಂದನ್ನು ಎತ್ತಿ
ಬಾಯಿಗಿಟ್ಟು ಅಗಿಯತೊಡಗಿದ.
ಅಗಿದ, ಅಗಿದ, ಕಣ್ಣಲ್ಲಿ ನೀರು ಬಂತು.
"ಉಗಿ ಮಗಾ," ಅಂದಳು ಅಜ್ಜಿ
ಇದ್ದ ಮೂರು ಹಲ್ಲನ್ನೂ ತೋರಿಸಿ,
"ನಿನಗಿರುವುದು ಒಂದೇ ಹೊಟ್ಟೆ."

ಹೊರಡುವಾಗ ನನ್ನ ಅಂಚಿನ ಹಾಳೆಗಳನ್ನು ಕೇಳಿದ.
ಹರಿದುಕೊಟ್ಟೆ. ಜೊತೆಗೆ ಅಜ್ಜಿ
ತಲೆವಸ್ತ್ರದ ಮೂಲೆಯಲ್ಲಿ ಗಂಟು ಹಾಕಿ
ಕರಿ ಜವೆಯ ಎರಡು ಬೊಗಸೆ.

ಆರು ಚಳಿಗಾಲ ಕಳೆದವು.
ಶಗ್ರಾ ಹೋದಳು, ಮರು ವರ್ಷ ಅಜ್ಜಿ.
ನನ್ನ ಸೊಂಟದ ಮೇಲೆ ಮಗು ಕೂತಿತ್ತು
ಅದೇ ಜೀಪು ಮತ್ತೆ ಬಂದಾಗ.
ಒಂದೇ ಮೂಟೆ. ಬೂದು ಬಣ್ಣ, ಕರಿಯೂ ಅಲ್ಲದ್ದು ಬಿಳಿಯೂ ಅಲ್ಲದ್ದು.
ತೆನೆಯ ಮಾತೆತ್ತದೆ
ನೇರ ಗೋದಲಿಗೆ ಸುರಿದ.
ಶಗ್ರಾಳ ಮಗಳು ಬಂದು ಮೂಸಿದಳು.
ದಂಟೊಂದನ್ನು ಬೆರಳಿಗೆ ಸುತ್ತಿದೆ:
ಒಂದು ಸುತ್ತು ಬಂತು, ಎರಡನೆಯದಕ್ಕೆ ಮುರಿಯಿತು.

ಸಂಜೆ ತೂಗಿದೆ. ಮುನ್ನೂರು ಗ್ರಾಂ.
ಅವನ ಹೊಸ ಪುಸ್ತಕದಲ್ಲಿ
ಅದಕ್ಕೊಂದು ಮನೆ ಅಚ್ಚಾಗಿತ್ತು. ಬರೆದೆ.