ಎಂಬತ್ತಮೂರನೆಯ ಪದ

ಪರದೆಯ ನಡುವೆ ಪುಟ್ಟದೊಂದು ಕೂಡು ಗುರುತು.
ಅದನ್ನೇ ನೋಡುತ್ತಿರಿ, ಕಣ್ಣು ಕದಲಬಾರದು, ಎಂದೆ.
‘ಕದಲದೆ ಕೂರುವುದು ಬರುತ್ತದೆ ನನಗೆ’ ಎಂದರು ವೈಕೆ ಪಿಹ್ಲಾಕ್,
ಗಲ್ಲವನ್ನು ಆನಿಕೆಗೆ ಒಪ್ಪಿಸುತ್ತ.
ವೈಕೆ ಅಂದರೆ ನಮ್ಮಲ್ಲಿ, ಸದ್ದಿಲ್ಲದವಳು.

ಎಡಕ್ಕೆ ಮಿಂಚಿದ ಪದ ಮೊದಲು ಬಲಮಿದುಳಿಗೆ,
ಬಲಕ್ಕೆ ಮಿಂಚಿದ್ದು ಎಡಕ್ಕೆ,
ಎದುರುಬದುರು ಮನೆಗಳಿಗೆ ಅದಲುಬದಲಾಗಿ ಬಿದ್ದ ಟಪಾಲಿನ ಹಾಗೆ.
ಎಡಮನೆಯವನು ಗುಮಾಸ್ತ: ಹೆಸರು ಬರೆದು ಮೊಹರು ಒತ್ತುತ್ತಾನೆ.
ಬಲಮನೆಯವಳಿಗೆ ಅಕ್ಷರ ಅಷ್ಟಕ್ಕಷ್ಟೆ,
ಲಕೋಟೆ ಮೂಸಿಯೇ ಹೇಳುತ್ತಾಳೆ
ಒಳಗಿರುವುದು ಮದುವೆಯೋ ಸಾವೋ ಎಂದು.
ಇದು ಬರೀ ನಮ್ಮ ಊಹೆ.
ಪ್ರೊಫೆಸರ್ ಉರ್ಮಾಸ್ ಅದನ್ನೂ ಅರ್ಧ ಮಾತ್ರ ನಂಬುತ್ತಾರೆ.

ಟಾರ್ಟುವಿನ ನಲವತ್ತು ವಿದ್ಯಾರ್ಥಿಗಳು
ಪದಗಳ ಹಣೆ ಮುಟ್ಟಿ ಜ್ವರ ನೋಡಿಕೊಟ್ಟಿದ್ದರು.
ಮುತ್ತು, ಹಾವು, ಅಮ್ಮ, ಹೆಣ: ಬಿಸಿ.
ಚಮಚ, ಬಕೆಟ್, ಪೊರಕೆ, ವ್ಯಾಗನ್: ತಣ್ಣಗೆ.
ಪದವಾದರೆ ಹಸಿರು ಗುಂಡಿ,
ಅರ್ಥವಿಲ್ಲದ ಅಕ್ಷರಗಳಾದರೆ ಕೆಂಪು.

ಹೆಣಕ್ಕೆ ಹಸಿರು, ತಟ್ಟನೆ.
ಮುತ್ತಿಗೆ ಹಸಿರು, ಜೊತೆಗೊಂದು ಕಿಸಕ್ಕೆಂದ ನಗು
(ನಗಬಾರದು, ತಲೆ ಅಲುಗುತ್ತದೆ).
ಅಮ್ಮನಿಗೂ ಹಸಿರು.

ಎಂಬತ್ತಮೂರನೆಯದು ಎಡಕ್ಕೆ. ವ್ಯಾಗನ್.
ರೆಪ್ಪೆ ಬಡಿಯುವುದರೊಳಗೆ ಬಂದು ಹೋಯಿತು.
ಬೆರಳು ಹಸಿರಿನ ಮೇಲೆ ನಿಂತಿತು, ಇಳಿಯಲಿಲ್ಲ.
ಕಂಪ್ಯೂಟರಿನ ಫ್ಯಾನು ಮಾತ್ರ ತಿರುಗುತ್ತಿತ್ತು.
ನಾಲ್ಕು ಸೆಕೆಂಡು.
ಆಮೇಲೆ ಕೆಂಪು ಒತ್ತಿದರು.
ಇದು ಪದವಲ್ಲ.

ಕಾಫಿಗೆ ಕೂತಾಗ ಚೀಲದಿಂದ ರೈ ಬ್ರೆಡ್ಡು ತೆಗೆದು
ಅರ್ಧ ಮುರಿದು ನನಗೂ ಕೊಟ್ಟರು.
‘ನಲವತ್ತೊಂಬತ್ತರ ಮಾರ್ಚಿ. ನನಗೆ ಆರು ವರ್ಷ.
ಹಲಗೆ ಸಂದಿಯಿಂದ ಒಳಬಂದ ಹಿಮ ನೆಕ್ಕುತ್ತಿದ್ದೆವು.
ತಮ್ಮನಿಗೆ ಅದೊಂದು ಆಟ.’
ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು ಬಾಯಿಗೆ ಹಾಕಿಕೊಂಡರು.
‘ಎಲ್ಲ ಸರಿಯಾಗಿ ಒತ್ತಿದೆನೇನಮ್ಮ?’
ಸರಿಯಾಗಿಯೇ ಒತ್ತಿದಿರಿ, ಅಂದೆ.

ರಾತ್ರಿ ಕೂತು ಲೆಕ್ಕ ಶುಚಿ ಮಾಡಿದೆ.
ಉತ್ತರ ತಪ್ಪಾದರೆ ತೆಗೆಯಬೇಕು,
ಒಂದೂವರೆ ಸೆಕೆಂಡು ದಾಟಿದರೂ ತೆಗೆಯಬೇಕು.
ಎರಡೂ ನಿಯಮ ಅದರ ಮೇಲೆ ಬಿದ್ದವು.
ಒಂದನ್ನು ಎರಡು ಸಲ ಅಳಿಸಲು ಬರುವುದಿಲ್ಲ;
ಒಮ್ಮೆ ಅಳಿಸಿದೆ.
ಸರಾಸರಿ ಚೆನ್ನಾಗಿ ಬಂತು.

ಶನಿವಾರ ವಲ್ಗಾದ ರೈಲಿಗೆ ಟಿಕೆಟು ತೆಗೆಸಿದೆ.
ಅದರ ಎಡ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ:
ವ್ಯಾಗನ್ ಎರಡು, ಕಿಟಕಿ ಬದಿ.
ಹಿಂದೆ ನಿಂತವರು ಮೆಲ್ಲಗೆ ಕೆಮ್ಮಿದರು.
ನಾನು ಇನ್ನೂ ಓದುತ್ತಿದ್ದೆ.