ತೂಕದವನ ಮಾತು

ಗಲಾತಾ ಸೇತುವೆಯ ಈ ತುದಿಗೆ,
ಗಾಳ ಹಾಕುವವರ ಸಾಲು ಮುಗಿಯುವಲ್ಲಿ
ನನ್ನ ಸ್ಟೂಲು, ನನ್ನ ಯಂತ್ರ.
ಕಾಲಿಟ್ಟರೆ ಹತ್ತು ಲಿರಾ.
ಚಿಲ್ಲರೆ ಇಲ್ಲವೆಂದರೆ ನಾಳೆ ಕೊಡಿ ಎನ್ನುತ್ತೇನೆ.
ನಾಳೆ ಬಾರದವರ ತೂಕವೂ ನೆನಪಿರುತ್ತದೆ ನನಗೆ.

ಮುಜೆಯ್ಯೆನ್ ಬರುತ್ತಿದ್ದದ್ದು ದಿನಕ್ಕೆರಡು ಸಲ.
ಬೆಳಿಗ್ಗೆ ಉಸ್ಕುದಾರಿನ ದೋಣಿ ಇಳಿದು,
ಸಂಜೆ ಅದೇ ದೋಣಿ ಹತ್ತುವ ಮುನ್ನ.
ಅಂಗಿಗಳಿಗೆ ಕಾಲರು ಹೊಲಿಯುವವಳು;
ಮಂಡಿ ಸವೆದಿದೆ, ಹದಿನೈದು ಕಿಲೋ ಇಳಿಸಿ ಬಾ,
ಆಮೇಲೆ ಮಾತು ಎಂದರಂತೆ ಡಾಕ್ಟರು.
ಬೂಟು ಕಳಚಿ, ಕೋಟು ಕಳಚಿ ನನ್ನ ಕೈಗೆ ಕೊಟ್ಟು
ಕಿವಿಯ ಓಲೆ ಬಿಚ್ಚುತ್ತಿದ್ದಳು,
ಗುಲಗಂಜಿ ತೂಕವೂ ಇಲ್ಲದ ಓಲೆ!
ಉಸಿರು ಪೂರ್ತಿ ಹೊರಬಿಟ್ಟು ಹತ್ತುತ್ತಿದ್ದಳು.

ಮುಳ್ಳು ನಡುಗಿ ನಿಲ್ಲುವವರೆಗೆ
ಹತ್ತಿದವರ ಮುಖ ನೋಡಬಾರದು.
ನಾನು ಕಡಲಹಕ್ಕಿ ನೋಡುತ್ತೇನೆ.

ಎಂಬತ್ತೆಂಟೂವರೆ.
ಸಂಜೆಗೆ ಎಂಬತ್ತೊಂಬತ್ತೂಕಾಲು.
"ಮಧ್ಯಾಹ್ನ ಬರೀ ಸಾರು, ದುರ್ಸುನ್ ಅಣ್ಣ,
ಬರೀ ಬೇಳೆ ಸಾರು!"
ಸಾರಿಗೂ ಭಾರವಿದೆ ತಂಗಿ, ನೀರಿಗೂ ಇದೆ.
ಉಪ್ಪು ಹೆಚ್ಚಾದರೆ ಮೈ ಅದನ್ನು
ಜಿಪುಣನ ಹಾಗೆ ಹಿಡಿದುಕೊಂಡು ಕೂರುತ್ತದೆ.
ಹೇಳಿದೆ. ಕೇಳಿಸಲಿಲ್ಲ.
ಮುಳ್ಳು ಇಳಿದ ದಿನ ಖುಷಿಗೊಂದು ಸಿಮಿತ್ ತಿಂದಳು,
ಏರಿದ ದಿನ ದುಃಖಕ್ಕೆ ಎರಡು,
ತುಟಿಗಂಟಿದ ಎಳ್ಳು ಒರೆಸಿಕೊಳ್ಳದೆ.

ಇನ್ನು ನನ್ನ ಪಾಪದ ಸಂಗತಿ.
ಫೆಬ್ರವರಿಯಲ್ಲಿ ತೆಂಕಣ ಗಾಳಿ ಎದ್ದಿತು.
ನಾಲ್ಕು ದಿನ ಸೇತುವೆ ಬಿಟ್ಟು
ಎಮಿನೋನುವಿನ ಮಸೀದಿ ಗೋಡೆಯ ಮರೆಗೆ ಹೋದೆ.
ಅಲ್ಲಿಯ ಕಲ್ಲುಹಾಸಿಗೆ ವಾಟವಿದೆ;
ವಾಟದಲ್ಲಿ ಯಂತ್ರ ಕಡಿಮೆ ಹೇಳುತ್ತದೆ,
ಕಸುಬಿನವನಿಗೆ ಗೊತ್ತು.
ಅವಳು ಹತ್ತಿದಳು. ಎಂಬತ್ತಾರು.
ಬೂಟು ಹಾಕುವುದನ್ನೇ ಮರೆತು ನಕ್ಕಳು,
ಬರೀ ಕಾಲ್ಚೀಲದಲ್ಲಿ ನಿಂತು
ಯಾರಿಗೋ ಫೋನು ಮಾಡಿದಳು.
ಕಲ್ಲು ಕೊಟ್ಟ ಸುಖ, ನಾನೇಕೆ ಕಸಿಯಲಿ ಎಂದುಕೊಂಡೆ.
ಸುಳ್ಳು. ಅವಳು ಮೇಲಿಟ್ಟ ಇಪ್ಪತ್ತು ಲಿರಾ
ಜೇಬಿನಲ್ಲಿ ಬೆಚ್ಚಗಿತ್ತು.

ಗಾಳಿ ನಿಂತಿತು. ಸೇತುವೆಗೆ ಮರಳಿದೆ.
ಎಂಬತ್ತೆಂಟು.
ಅವಳು ಅಳಲಿಲ್ಲ. ಓಲೆ ಹಾಕಿಕೊಂಡಳು,
ಒಂದೇ ಕಿವಿಗೆ. ಇನ್ನೊಂದು ಮುಷ್ಟಿಯಲ್ಲೇ ಉಳಿಯಿತು.

ಆಗ ಹೇಳಿದೆ, ಕಲ್ಲು, ವಾಟ, ಇಪ್ಪತ್ತು ಲಿರಾ, ಎಲ್ಲ.
"ದಿನಾ ಬರಬೇಡ. ಶುಕ್ರವಾರ ಬಾ,
ಬೆಳಗಿನ ದೋಣಿಗೆ, ಚಹಾಕ್ಕೆ ಮುಂಚೆ,
ಇದೇ ಕಲ್ಲು, ಇದೇ ಯಂತ್ರ.
ನಡುವಿನ ದಿನ ಮೈಯನ್ನು ಅದರ ಪಾಡಿಗೆ ಬಿಡು.
ಗಳಿಗೆಗೊಮ್ಮೆ ಮುಚ್ಚಳ ತೆಗೆದರೆ
ಪಿಲಾವು ಬೇಯುತ್ತದೆಯೇ?"

"ಆರು ದಿನ ನಾನೇನು ಮಾಡಲಿ?" ಎಂದಳು.

ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಹೀಗೆ.
ಅಳೆದೂ ಸುರಿದೂ ನನಗೆ ಹೊಳೆದದ್ದು ಇಷ್ಟೇ:
"ಟ್ರಾಮು ಹತ್ತಬೇಡ. ನಡೆದಷ್ಟು ನಡೆ.
ನೋವಾದಲ್ಲಿ ಕೂತುಕೊ."

ಮೊದಲ ಶುಕ್ರವಾರ ಬರಲಿಲ್ಲ. ಎರಡನೆಯದಕ್ಕೂ.
ಬೇರೆ ಯಾರದೋ ಯಂತ್ರಕ್ಕೆ ಹೋಗುತ್ತಿದ್ದಾಳೆ,
ನನ್ನಂಥವರು ಊರಿಗೆಷ್ಟು ಮಂದಿಯಿಲ್ಲ.
ಗಾಳದವನು ಕೊಟ್ಟ ಬಂಗುಡೆಯನ್ನು
ಸುಮ್ಮನೆ ಯಂತ್ರದ ಮೇಲಿಟ್ಟು ನೋಡಿದೆ.
ಮುಳ್ಳು ಅಲ್ಲಾಡಲೇ ಇಲ್ಲ.

ಮೂರನೆಯ ಶುಕ್ರವಾರ ಮಂಜು;
ಆಚೆ ದಡ ಕಾಣದು, ಹಡಗಿನ ಕೂಗಷ್ಟೇ.
ಇನ್ನೂ ಬೋಣಿಯಾಗಿರಲಿಲ್ಲ.
ಬಂದಳು. ಕೋಟು ಕೊಟ್ಟಳು.
ಓಲೆ ಬಿಚ್ಚಲಿಲ್ಲ.

ಎಂಬತ್ತೇಳೂಕಾಲು.

"ಓಲೆ ಸೇರಿ," ಅಂದಳು.
"ಓಲೆ ಸೇರಿ," ಅಂದೆ.

ದುಡ್ಡು ಬೇಡವೆಂದೆ.
ಬೋಣಿ ಹೊತ್ತಿನಲ್ಲಿ ಬೇಡ ಅನ್ನಬಾರದು ಎಂದು
ನನ್ನ ಮಡಿಲಿಗೆ ಹಾಕಿ ನಡೆದೇ ಹೊರಟಳು,
ಬಲಗಡೆಗೆ ತುಸು ವಾಲುತ್ತಾ, ಮಂಜಿನೊಳಕ್ಕೆ.

ಯಂತ್ರದ ಮೇಲೆ ಒದ್ದೆ ಪಾದದ ಗುರುತು ಎರಡು,
ಒಂದು ಪೂರ್ತಿ ಒತ್ತಿದ್ದು,
ಇನ್ನೊಂದು ಬೆರಳಷ್ಟೇ ಮೂಡಿದ್ದು,
ಸವೆದ ಮಂಡಿಯ ಕಡೆಯದು.
ಒರೆಸುವ ಬಟ್ಟೆ ಕೈಯಲ್ಲೇ ಇತ್ತು.
ಮುಂದಿನ ಗಿರಾಕಿ ಬರಲಿ, ಆಮೇಲೆ.