ಎರಡು ಹಳದಿ, ಒಂದು ಕೆಂಪು

ಕುರ್ಲಾದ ಗುಜರಿಯಿಂದ ರಾತ್ರಿ ಬಸ್ಸಿಗೆ ಬಂತು
ಮರಾಠಿ ಪೇಪರಿನಲ್ಲಿ ಸುತ್ತಿದ ಅಂಗೈಯಗಲದ ಡಬ್ಬಿ.
ಎಬಿಎಸ್ ಮಾಡ್ಯೂಲು. ಬ್ರೇಕಿನ ಬುದ್ಧಿ.
ಹನ್ನೊಂದು ಸಾವಿರ, ವಾಪಸಾತಿ ಇಲ್ಲ.

ವಾಸ್ಕೋದ ಮಂಗೋರ್ ಗುಡ್ಡ, ನನ್ನ ಶೆಡ್ಡು.
ಪಿಯೆದಾದ್ ಬಾಯಿಯ ಬಿಳಿ ಕಾರು
ಮೂರು ದಿನದಿಂದ ಬಾನೆಟ್ಟು ತೆರೆದು ನಿಂತಿದೆ.
ಬಂದರಿನ ಕಲ್ಲಿದ್ದಲ ಧೂಳು ಬಿಳಿಯನ್ನು ಬಿಳಿಯಾಗಿರಗೊಡುವುದಿಲ್ಲ;
ದಾವಲಸಾಬ ಬೆಳಿಗ್ಗೆ ಒರೆಸುತ್ತಾನೆ,
ಸಂಜೆ ಅದೇ ಜಾಗದಲ್ಲಿ ಬೆರಳಿನಿಂದ ತನ್ನ ಹೆಸರು ಬರೆಯುತ್ತಾನೆ.

ಆಕೆ ಚಿಕಾಲಿಂ ಆಸ್ಪತ್ರೆಯ ನರ್ಸು. ರಾತ್ರಿಪಾಳಿ,
ಮನೆಯಿಂದ ಪೂರಾ ಇಳಿಜಾರು.
‘ಕಿತೆಂ ಜಾಲೆಂ?’ ಅಂತ ದಿನಕ್ಕೆರಡು ಸಲ ಫೋನು.
ಏನಾಗಿದೆ ಅಂತ ಗೊತ್ತಿದ್ದರೆ ಬಾಯಿ,
ನಾನೇ ಮಾಡುತ್ತಿದ್ದೆ ಫೋನು.

ಹೊಸದನ್ನು ಕೂಡಿಸಿ (ಹಳೆಯದೇ, ನಮಗೆ ಹೊಸದು)
ಚಾವಿ ತಿರುವಿದೆ.
ಮೊದಲು ಇದ್ದದ್ದು ಒಂದೇ ದೀಪ. ಈಗ ಮೂರು.
ಎರಡು ಹಳದಿ, ಒಂದು ಕೆಂಪು.
ಸ್ಕ್ಯಾನರು ಹಚ್ಚಿದರೆ ನಾಲ್ಕು ಕೋಡು,
ನಲ್ಲಿ ಮುಂದೆ ಜಗಳಕ್ಕೆ ನಿಂತವರ ಹಾಗೆ:

ಚಾಸಿ ನಂಬರು ತಾಳೆಯಾಗುತ್ತಿಲ್ಲ.
ಇದು ಯಾವ ಮಾಡೆಲ್ಲೋ, ಯಾರೂ ಹೇಳಿಲ್ಲ.
ಸ್ಟೇರಿಂಗಿನ ನಡು ಎಲ್ಲಿ?
ಪಂಪಿಗೆ ಕರೆಂಟು ಕಮ್ಮಿ.

ಮೊದಲ ಮೂರು ಅರ್ಥವಾದವು.
ಅದು ಇನ್ನೂ ಬೇರೆ ಕಾರಿನಲ್ಲೇ ಇದೆ.
ಪನ್ವೇಲಿನ ಆಚೆ ಎಲ್ಲೋ ಮೂತಿ ಮುದ್ದೆಯಾದ ಕಾರು;
ಅದರ ಹದಿನೇಳು ಅಕ್ಷರಗಳನ್ನು ಒಳಗೆ ಇಟ್ಟುಕೊಂಡು
ಇಲ್ಲಿ ಕೂತು ಅದರ ಚಕ್ರಗಳನ್ನು ಕೇಳುತ್ತಿದೆ.
ಕೊನೆಯ ಸಲ ಬ್ರೇಕು ಹಿಡಿಯಿತೋ,
ಹಿಡಿಯುವಷ್ಟು ರಸ್ತೆ ಉಳಿದಿತ್ತೋ,
ಆ ಕೋಡನ್ನು ಕುರ್ಲಾದವರು ಅಳಿಸಿ ಕಳಿಸಿದ್ದಾರೆ.

ದಾವಲಸಾಬ ಆರ್‌ಸಿ ನೋಡಿ ಓದಿದ, ನಾನು ಒತ್ತಿದೆ.
‘ಎಂಟೋ, ಬಿ ಅಕ್ಷರಾನೋ?’
‘ಎಂಟರೀ. ನೀವು ಬರೀ ಒತ್ತರಿ.’
ಸ್ಟೇರಿಂಗನ್ನು ಎಡದ ತುದಿಗೆ, ಬಲದ ತುದಿಗೆ,
ಆಮೇಲೆ ನಡುವಿಗೆ ತಂದು ಕೈಬಿಟ್ಟೆ.
ನೋಡಪ, ಇದು ನೇರ.
ಇನ್ನು ಮುಂದೆ ನೇರ ಅಂದರೆ ಇದು.
ಮೂರೂ ಆರಿದವು. ದಾವಲಸಾಬ ಚಹಾಕ್ಕೆ ಹೇಳಿಬಂದ.

ದಾಬೊಳಿಯ ವಿಮಾನಗಳು ನೆತ್ತಿ ಸವರಿ ಇಳಿಯುವ ರಸ್ತೆಯಲ್ಲಿ
ನಲವತ್ತಕ್ಕೆ ಏರಿಸಿ, ಜಗ್ಗಿ ಬ್ರೇಕು ಒತ್ತಿದೆ.
ಹಳದಿ.

ಪಂಪಿಗೆ ಕರೆಂಟು ಕಮ್ಮಿ.
ಹಳೆಯದೂ ಇದನ್ನೇ ಹೇಳಿತ್ತು,
ಒಂದು ತಿಂಗಳು, ಇದೊಂದನ್ನೇ.
ತಲೆ ಕೆಟ್ಟಿದೆ ಅಂತ ತಲೆಯನ್ನೇ ತೆಗೆದಿದ್ದೆ ನಾನು.

ಮೀಟರು ಹಿಡಿದು ಕೂತೆ.
ಬ್ಯಾಟರಿಯಲ್ಲಿ ಹನ್ನೆರಡೂವರೆ.
ಪಂಪು ತಿರುಗುವಾಗ, ಅದರ ಬಾಯಲ್ಲಿ, ಒಂಬತ್ತು.
ನಡುವಿನ ಮೂರೂವರೆ ವೋಲ್ಟು ತಿಂದವರು ಯಾರು?
ಬ್ಯಾಟರಿ ತಟ್ಟೆಯ ಕೆಳಗೆ, ಕಣ್ಣು ಹೋಗದ, ಬೆರಳಷ್ಟೇ ಹೋಗುವಲ್ಲಿ
ಅರ್ತಿನ ಬೋಲ್ಟು.
ಸಮುದ್ರದ ಉಪ್ಪಿಗೆ ನೆನೆದು, ಮುಟ್ಟಿದರೆ
ಹಳೇ ಬೆಲ್ಲದ ಹಾಗೆ ಉದುರಿತು.

ಒಂದು ತುಂಡು ಎಮರಿ ಕಾಗದ, ಒಂದು ಬೋಲ್ಟು,
ಉಗುರಿನಷ್ಟು ವ್ಯಾಸಲೀನು.
ಹಳೆಯ ಮಾಡ್ಯೂಲನ್ನೇ ತಿರುಗಿ ಕೂಡಿಸಿ, ಕೋಡು ಅಳಿಸಿ, ಚಾವಿ ತಿರುವಿದೆ.
ಮೂರೂ ಹತ್ತಿದವು, ಮೂರೂ ಆರಿದವು.
ಅದು ನಂಬರು ಕೇಳಲಿಲ್ಲ.
ಮತ್ತೆ ದಾಬೊಳಿಗೆ ಹೋಗಿ ಐದು ಸಲ ಜಗ್ಗಿದೆ. ಏನೂ ಇಲ್ಲ.

ಈ ಸಲ ಫೋನು ನಾನು ಮಾಡಿದೆ.
‘ಬಾಯಿ, ಡಬ್ಬಿ ಸರಿಯೇ ಇತ್ತು. ಕೆಟ್ಟಿದ್ದು ಬೋಲ್ಟು.’
ಆ ಕಡೆ ಯಾವುದೋ ಕೂಸು ಅಳುತ್ತಿತ್ತು, ಆಗಷ್ಟೇ ಹುಟ್ಟಿದ್ದಿರಬೇಕು.
‘ಹಾಗಾದರೆ ಬಿಲ್ಲು?’
ಬೋಲ್ಟಿಂದು, ಅಂದೆ.
ದಾವಲಸಾಬ ನನ್ನ ಮುಖ ನೋಡಿದ. ಅವನ ಪಗಾರದ ವಾರ.

ಕುರ್ಲಾದ ಡಬ್ಬಿ ಈಗ ಹಲಗೆಯ ಮೇಲಿದೆ,
ಸವೆದ ಪ್ಯಾಡುಗಳ ಪಕ್ಕ.
ಪಿಯೆದಾದ್ ಬಾಯಿಯ ಹದಿನೇಳು ಅಕ್ಷರ ಅದಕ್ಕೆ ಬಾಯಿಪಾಠ.
ನೇರ ಯಾವುದು ಅಂತಲೂ ಗೊತ್ತು.
ವೈರಿಲ್ಲ, ಚಕ್ರವಿಲ್ಲ, ಸುಮ್ಮನೆ ಕೂತಿದೆ.

ದಾವಲಸಾಬ ಬೆಳಿಗ್ಗೆ ಅದನ್ನೂ ಒಂದು ಸಲ ಒರೆಸುತ್ತಾನೆ.